ರನ್‌ವೇಯ ಉದ್ದ ಮತ್ತು ನೆರೆಯವರ ನೆಲ

ಬಜ್ಪೆಯ ರನ್‌ವೇಯನ್ನು ಉದ್ದಗೊಳಿಸಬೇಕೆಂಬ ಬೇಡಿಕೆ ನಮ್ಮ ಕರಾವಳಿಯಲ್ಲಿ ಹಳೆಯದು. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದವರು ಈ ಮಾತನ್ನೆತ್ತುತ್ತಾರೆ, ಉದ್ಯಮಿಗಳ ಮನವಿಗಳಲ್ಲೂ ಅದಿರುತ್ತದೆ. ಆದರೆ ಗುಡ್ಡದ ಮೇಲಿನ ರನ್‌ವೇ ಬೆಳೆಯಬೇಕಾದರೆ ನೆರೆಯ ಹಳ್ಳಿಗಳ ಕಡೆಗೇ ಬೆಳೆಯಬೇಕು. ಈ ಎರಡನೆಯ ಸಂಗತಿಯನ್ನು ನಾವು ಸಾಮಾನ್ಯವಾಗಿ ನುಡಿಯುವುದಿಲ್ಲ.

ಈ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನದಂದೇ. ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಆ ಬಳಿಕ ದಶಕಗಳ ಕಾಲ ಇಲ್ಲಿಂದ ನೇರವಾಗಿ ವಿದೇಶಕ್ಕೆ ಹೋಗುವಂತಿರಲಿಲ್ಲ. ಗಲ್ಫಿಗೆ ಹೊರಟ ನಮ್ಮ ಯುವಕರು ಬಸ್ಸಿನಲ್ಲಿ ಹಗಲುರಾತ್ರಿ ಪಯಣಿಸಿ ಬೊಂಬಾಯಿ ಸೇರಿ, ಸಹಾರ್ ನಿಲ್ದಾಣದಿಂದ ವಿಮಾನವೇರುತ್ತಿದ್ದರು. ತಂದೆ ತೀರಿಕೊಂಡ ಸುದ್ದಿ ಕೇಳಿ ಹೊರಟ ಮಗ ಅಂತ್ಯಕ್ರಿಯೆ ಮುಗಿದ ಮೇಲೆ ಮನೆ ಮುಟ್ಟುವುದು ಆಗ ಅಪರೂಪವಾಗಿರಲಿಲ್ಲ. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂದು, ಅದೇ ವರ್ಷ ದುಬೈಗೆ ನೇರ ವಿಮಾನ ಆರಂಭವಾದಾಗ ಕ್ರೈಸ್ತ, ಮುಸ್ಲಿಂ, ಹಿಂದೂ ಎಂಬ ಭೇದವಿಲ್ಲದೆ ಸಾವಿರಾರು ಮನೆಗಳಿಗೆ ದೂರ ಕಡಿಮೆಯಾಯಿತು. ಇದನ್ನು ಬರಿಯ ಸೌಕರ್ಯವೆನ್ನುವವರು ಆ ಹಿಂದಿನ ದಿನಗಳನ್ನು ಕಂಡವರಲ್ಲ.

2010ರ ಮೇ 22ರ ಮುಂಜಾವಿನಲ್ಲಿ ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಗುರುತು ಪತ್ತೆಯಾಗದೆ ಉಳಿದ 12 ಪಾರ್ಥಿವ ಶರೀರಗಳನ್ನು ಕೂಳೂರಿನ ಬಳಿ ಒಂದೇ ಮಣ್ಣಿಗೆ ಒಪ್ಪಿಸಲಾಯಿತು. ಯಾರದು ಯಾವ ಜಾತಿ, ಯಾವ ಧರ್ಮವೆಂದು ವಿಂಗಡಿಸಲು ಅಲ್ಲಿ ಸಾಧ್ಯವೇ ಇರಲಿಲ್ಲ.

ಅಂದಿನಿಂದ ಉದ್ದದ ಬೇಡಿಕೆಗೆ ಸುರಕ್ಷತೆಯ ಹೆಸರು ಸೇರಿಕೊಂಡಿದೆ. ಇಲ್ಲಿ ತುಸು ವಿವೇಚನೆ ಬೇಕು. ಆ ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಮತ್ತೆ ಮೇಲೇರಲು ಸಹಪೈಲಟ್ ಸೂಚಿಸಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲವೆಂಬುದೇ ದುರಂತದ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಮನುಷ್ಯನ ತಪ್ಪನ್ನು ಯಾವ ಉದ್ದವೂ ಪೂರ್ತಿಯಾಗಿ ತಡೆಯಲಾರದು. ಆದರೂ ತಪ್ಪಿನ ಬೆಲೆ 158 ಪ್ರಾಣವಾಗದಂತೆ ನೋಡಿಕೊಳ್ಳುವುದು ಸಾಧ್ಯ. 2020ರ ಆಗಸ್ಟಿನಲ್ಲಿ ಕೋಯಿಕ್ಕೋಡಿನ ಗುಡ್ಡದ ಮೇಲೂ ವಿಮಾನವೊಂದು ರನ್‌ವೇ ದಾಟಿ ಕೆಳಗುರುಳಿ 21 ಮಂದಿ ಮಡಿದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು.

ನಾವು ಗಮನಿಸಬೇಕಾದ ವ್ಯತ್ಯಾಸ ಇದು: ಈಗ ಬರುವ ವಿಮಾನಗಳಿಗಾಗಿ ರನ್‌ವೇಯ ಕೊನೆಯಲ್ಲಿ ಬಿಡುವ ಸುರಕ್ಷತಾ ಪ್ರದೇಶ ಒಂದು; ಇನ್ನೂ ದೊಡ್ಡ ವಿಮಾನಗಳನ್ನು ಇಳಿಸಲು ರನ್‌ವೇಯನ್ನೇ ಬೆಳೆಸುವುದು ಇನ್ನೊಂದು. ಮೊದಲನೆಯದು ಅಪಾಯವನ್ನು ಕುಗ್ಗಿಸುತ್ತದೆ. ಎರಡನೆಯದರಲ್ಲಿ ಉದ್ದ ಹೆಚ್ಚಿದರೂ, ಹೆಚ್ಚು ಭಾರದ ವಿಮಾನ ಆ ಉದ್ದವನ್ನು ತಾನೇ ನುಂಗಿಬಿಡುತ್ತದೆ. ಸತ್ತವರ ಹೆಸರಿನಲ್ಲಿ ಜಮೀನು ಕೇಳಿ, ಅದನ್ನು ವ್ಯಾಪಾರದ ವಿಸ್ತರಣೆಗೆ ಬಳಸಿದರೆ ಅದು ನೆರೆಯವರಿಗೂ ಅನ್ಯಾಯ, ಸತ್ತವರಿಗೂ ಅನ್ಯಾಯ. ನೆಲದ ಕೊರತೆಯಿರುವ ನಿಲ್ದಾಣಗಳಿಗೆ ಹೊರದೇಶಗಳಲ್ಲಿ ಬೇರೊಂದು ಉಪಾಯವೂ ಬಳಕೆಯಲ್ಲಿದೆ. ರನ್‌ವೇಯ ತುದಿಯಲ್ಲಿ ಹಗುರ ಕಾಂಕ್ರೀಟಿನ ಹಾಸು ಹಾಕುತ್ತಾರೆ. ಮೀರಿ ಬಂದ ವಿಮಾನದ ಚಕ್ರಗಳು ಅದನ್ನು ಪುಡಿಗೈಯುತ್ತಾ ಹೂತು ನಿಲ್ಲುತ್ತವೆ. ಖರ್ಚು ಹೆಚ್ಚು, ನಿಜ. ಆದರೆ ಇಂದು ಪ್ರತಿಯೊಬ್ಬ ಪ್ರಯಾಣಿಕನೂ ಟಿಕೆಟಿನೊಂದಿಗೆ ನಿಲ್ದಾಣದ ಶುಲ್ಕ ತೆರುತ್ತಾನೆ. 2020ರ ಅಕ್ಟೋಬರ್ 31ರಿಂದ ನಿಲ್ದಾಣದ ಆಡಳಿತ 50 ವರ್ಷಗಳ ಗುತ್ತಿಗೆಯಲ್ಲಿ ಅದಾನಿ ಸಮೂಹದ ಕೈಯಲ್ಲಿದೆ. ಈ ಶುಲ್ಕದಲ್ಲಿ ಎಷ್ಟು ಪಾಲು ಅಂಗಡಿ, ಅಲಂಕಾರಗಳಿಗೆ ಹೋಗುತ್ತದೆ, ಎಷ್ಟು ರನ್‌ವೇಯ ಕೊನೆಯ ಗಜಗಳಿಗೆ ಸಲ್ಲುತ್ತದೆ ಎಂದು ಕೇಳುವ ಹಕ್ಕು ನಮಗಿದೆ. (ಡಿಸೆಂಬರಿನಲ್ಲಿ ಟಿಕೆಟಿನ ದರ ಏರಿದಾಗ ಮಾತ್ರ ನಮಗೆ ಈ ಹಕ್ಕುಗಳೆಲ್ಲ ನೆನಪಾಗುತ್ತವೆ!)

ಇಷ್ಟಾಗಿಯೂ ಸ್ವಲ್ಪ ಜಮೀನು ಬೇಕೇಬೇಕೆಂದು ತಜ್ಞರು ಹೇಳಬಹುದು. ಆಗ ಕೆಂಜಾರು, ಅದ್ಯಪಾಡಿಯಂತಹ ಊರುಗಳ ಮನೆಗಳೊಂದಿಗೆ ಮಾತನಾಡಬೇಕಾದವರು ಸರ್ವೆ ಸಿಬ್ಬಂದಿ ಮಾತ್ರವಲ್ಲ. ಹಗಲಿರುಳು ಮಾಡಿನ ಮೇಲೆ ವಿಮಾನದ ಸದ್ದು ಕೇಳುತ್ತಾ ಬದುಕಿದ ಆ ಮನೆಗಳಲ್ಲಿ ಎಷ್ಟೋ ಮಂದಿ ವಿಮಾನ ಏರಿದವರೇ ಅಲ್ಲ. 2013ರ ಭೂಸ್ವಾಧೀನ ಕಾಯ್ದೆ ಪರಿಹಾರದ ಜೊತೆಗೆ ಪುನರ್ವಸತಿಯನ್ನೂ ಹಕ್ಕಾಗಿ ಹೇಳುತ್ತದೆ. ಮನೆಯ ಒಂದು ಭಾಗ ಮಾತ್ರ ಸ್ವಾಧೀನಕ್ಕೆ ಗುರಿಯಾದರೆ ಇಡೀ ಮನೆಯನ್ನೇ ತೆಗೆದುಕೊಳ್ಳಿರೆಂದು ಒಡೆಯನು ಕೇಳಬಹುದೆಂಬ ವಿಧಿಯೂ ಅದರಲ್ಲಿದೆ. ವಾರ್ಡಿನ ಕೂಟಗಳಲ್ಲಿ ಈ ವಿಧಿಗಳನ್ನು ಓದಿ ತಿಳಿಸಲು ನಮ್ಮ ವಕೀಲ ಬಂಧುಗಳು ಒಂದೆರಡು ಸಂಜೆ ಬಿಡುವು ಮಾಡಿಕೊಳ್ಳಲಿ. ಅಳತೆಗಲ್ಲು ನೆಡುವವರು ಬರುವ ಮೊದಲೇ ಆಗಬೇಕಾದ ಕೆಲಸವಿದು.