ಬಣ್ಣ ಹೇಳುವ ಗುಟ್ಟು

ಕತ್ತಿನ ಗಂಟಿನ ಚೂರನ್ನು ಪರೀಕ್ಷೆಗೆ ಕೊಟ್ಟಿದ್ದ ಜಯನಗರದ ವಾಚಕರೊಬ್ಬರು ಕೇಳುತ್ತಾರೆ: “ವರದಿಗಾಗಿ ವೈದ್ಯರು ಚಿಕಿತ್ಸೆಯನ್ನೇ ತಡೆದರು. ಈಗ ‘ಬಿ-ಕಣದ ಲಿಂಫೋಮಾ’ ಎಂದು ಬಂದಿದೆ. ಬಿ ಎಂದರೆ ಎರಡನೆಯ ದರ್ಜೆಯೆ?”

ಅಲ್ಲ. ಅದು ಕೋಳಿಯ ದೇಹದಲ್ಲಿರುವ ‘ಬರ್ಸಾ’ ಎಂಬ ಚೀಲದಿಂದ ಬಂದ ಹೆಸರು! ರಕ್ತದ ಬಿಳಿಯ ಕಣಗಳಲ್ಲೊಂದು ಬಗೆಯಾದ ಲಿಂಫೋಸೈಟುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ಪಂಗಡಗಳುಂಟು. ಸೂಕ್ಷ್ಮದರ್ಶಕದಲ್ಲಿ ಇವು ಅವಳಿ ಮಕ್ಕಳಂತೆ ಕಾಣುವುವು. ಭೇದವನ್ನು ತಿಳಿಯಲು 1970ರ ದಶಕದ ವಿಜ್ಞಾನಿಗಳು ಕಣದೊಳಗಿನ ಕಿಣ್ವಗಳ ಮೊರೆಹೊಕ್ಕರು. ಕಿಣ್ವಕ್ಕೆ ತಕ್ಕ ದ್ರವ್ಯವನ್ನು ಉಣಿಸಿದರೆ, ಅದು ಇರುವೆಡೆಯಲ್ಲಿ ಬಣ್ಣ ಮೂಡುವುದು. ಎಸ್ಟರೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ಅನೇಕ ಟಿ-ಕಣಗಳು ಕುಂಕುಮವಿಟ್ಟಂತೆ ಕೆಂಗಂದು ಚುಕ್ಕೆಯನ್ನು ತೋರುವುವು. ಬಿ-ಕಣಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಆದರೆ ಕ್ಯಾನ್ಸರಿಗೆ ತುತ್ತಾದ ಕಣಗಳಲ್ಲಿ ಈ ಗುರುತು ಮಾಸಬಹುದು. ತೊಡಕು ಇದ್ದುದು ಇಲ್ಲಿಯೇ.

ನಿಮಗೆ ಸಮೀಪದ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಜಗತ್ತಿಗೆ ದೊರೆತದ್ದು 1975ರಲ್ಲಿ. ಈಗ ಅಂಥ ಪ್ರತಿಕಾಯ ಮೊದಲು ಕಣವನ್ನು ಗುರುತಿಸುವುದು. ಅದರ ಬೆನ್ನಿಗೆ ಕಟ್ಟಿದ ಕಿಣ್ವ ಅಲ್ಲಿ ಕಂದು ಬಣ್ಣವನ್ನು ಬಿಡಿಸುವುದು. ಈ ಕಿಣ್ವ ಹೆಚ್ಚಾಗಿ ಬರುವುದು ಸಾಸಿವೆಯ ಕುಲದ ಹಾರ್ಸ್‌ರ್‍ಯಾಡಿಷ್ ಎಂಬ ಖಾರದ ಬೇರಿನಿಂದ. ವಿದೇಶೀಯರ ಊಟದ ವ್ಯಂಜನ ನಮ್ಮ ಪ್ರಯೋಗಶಾಲೆಗೂ ಒದಗಿತು!

ಬಹುಪಾಲು ಬಿ-ಕಣಗಳ ಮೈಮೇಲೆ ‘ಸಿಡಿ-20’ ಎಂಬ ಗುರುತುಂಟು. 1997ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ರಿಟುಕ್ಸಿಮ್ಯಾಬ್ ಔಷಧ ಹಿಡಿಯುವುದು ಆ ಗುರುತನ್ನೇ. ಅದಿಲ್ಲದ ಟಿ-ಕಣದ ರೋಗಕ್ಕೆ ಅದೇ ದುಬಾರಿ ಔಷಧವನ್ನು ಕೊಟ್ಟರೂ ವ್ಯರ್ಥ. ನಿಮ್ಮ ವೈದ್ಯರು ಕಾದದ್ದು ಇದಕ್ಕಾಗಿಯೇ ಇರಬೇಕು.