ಪರಸ್ಥಳದಲ್ಲಿ ಬಿಡಾರ

ರಜದ ದಿನಗಳು ಸಮೀಪಿಸುತ್ತಲೇ ಅನೇಕ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ವಸತಿಯ ಲೆಕ್ಕವನ್ನು ಹಾಕುತ್ತಲೇ ಅದು ಅಡಗಿಹೋಗುತ್ತದೆ. ರೈಲಿನ ಟಿಕೀಟಿಗೆ ಹಣ ಹೊಂದಿಸಿಕೊಳ್ಳಬಲ್ಲ ಗೃಹಸ್ಥನೂ ಐದಾರು ಜನರ ಕೊಠಡಿಯ ಬಾಡಿಗೆಯನ್ನು ಕೇಳಿ ಹಿಂಜರಿಯುವನು. ಹೀಗಾಗಿ ಪಾಠದಲ್ಲಿ ಓದಿದ ವಿಜಯನಗರವನ್ನು ಕಣ್ಣಾರೆ ಕಾಣದೆಯೇ ಮಕ್ಕಳು ದೊಡ್ಡವರಾಗುತ್ತಾರೆ; ಮನೆಯ ಹಿರಿಯರ ಕ್ಷೇತ್ರದರ್ಶನದ ಬಯಕೆಯು ವರ್ಷದಿಂದ ವರ್ಷಕ್ಕೆ ಮುಂದೆ ಬೀಳುತ್ತದೆ. ಆದಕಾರಣ ಈ ತಿಂಗಳು ಬಿಡಾರದ ವೆಚ್ಚವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ಹೋಟೆಲಿನ ಫಲಕದ ಮೇಲೆ ಬರೆದ ದರವೇ ಬಿಡಾರದ ಬೆಲೆಯೆಂದು ಯಾರೂ ತಿಳಿಯಬಾರದು. ಹಂಪೆಯ ಪ್ರವಾಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಗಾಡಿಯು ಬೆಳಿಗ್ಗೆ ಹೊಸಪೇಟೆಯನ್ನು ಸೇರುವುದು. ವಸತಿಗೃಹಗಳಲ್ಲಿ ದಿನದ ಎಣಿಕೆಯು ಎರಡು ವಿಧ. ಕೆಲವು ಕಡೆ ಕೊಠಡಿಯನ್ನು ಹಿಡಿದ ಗಳಿಗೆಯಿಂದ 24 ಗಂಟೆಗಳು ಒಂದು ದಿನ. ಮತ್ತೆ ಕೆಲವು ಕಡೆ ಮಧ್ಯಾಹ್ನ 12 ಗಂಟೆಯಿಂದ ಮರುದಿನ 12 ಗಂಟೆಯವರೆಗೆ ಒಂದು ದಿನ. ಮೊದಲನೆಯ ಕಡೆ ಬಾಡಿಗೆ 1,500 ರೂಪಾಯಿ, ಎರಡನೆಯ ಕಡೆ 1,200 ರೂಪಾಯಿ ಎಂದಿಟ್ಟುಕೊಳ್ಳಿರಿ. ಬೆಳಿಗ್ಗೆ 7ಕ್ಕೆ ಕೊಠಡಿ ಹಿಡಿದು ಮರುದಿನ 7ಕ್ಕೆ ಬಿಡುವ ಸಂಸಾರಕ್ಕೆ ಮೊದಲನೆಯದರಲ್ಲಿ 1,500 ರೂಪಾಯಿಗಳಿಗೆ ಕೆಲಸ ತೀರುವುದು. ಎರಡನೆಯದರಲ್ಲಿ ಮಧ್ಯೆ 12 ಗಂಟೆ ಹೊಡೆದುದರಿಂದ ಎರಡು ದಿನವೆಂದು ಎಣಿಸಿದರೆ 2,400 ರೂಪಾಯಿ ತೆರಬೇಕಾದೀತು. ಅಗ್ಗವೆಂದು ಹಿಡಿದ ಕೊಠಡಿಯೇ ದುಬಾರಿಯಾಯಿತು!

ಆದುದರಿಂದ ದರವನ್ನು ಕೇಳುವ ಮುನ್ನ ದಿನದ ಎಣಿಕೆಯನ್ನು ಕೇಳತಕ್ಕದ್ದು. ಬೆಳಿಗ್ಗೆ ಮುಂಚಿತವಾಗಿ ಒಳಬಿಡುವರೇ, ಅದಕ್ಕೆ ಬೇರೆ ಹಣವುಂಟೇ, ಕೊಠಡಿಯನ್ನು ಬಿಟ್ಟ ಮೇಲೆ ಸಂಜೆಯ ಗಾಡಿಯವರೆಗೆ ಗಂಟುಮೂಟೆಗಳನ್ನು ಅಲ್ಲಿಯೇ ಇಡಬಹುದೇ ಎಂಬುದನ್ನೂ ಫೋನಿನಲ್ಲಿಯೇ ವಿಚಾರಿಸಬೇಕು. ಸಾಮಾನುಗಳಿಗಾಗಿ ಅರ್ಧ ದಿನದ ಬಾಡಿಗೆ ತೆರುವವರು ಎಷ್ಟು ಮಂದಿಯಿಲ್ಲ! ಇದೇ ಸಂಭಾಷಣೆಯಲ್ಲಿ, ಮೊಬೈಲಿನ ಆಪ್‌ಗಳಲ್ಲಿ ತೋರಿದ ದರವನ್ನು ಹೇಳಿ, ಅದಕ್ಕಿಂತ ಕಡಮೆಗೆ ಕೊಡುವಿರಾ ಎಂದು ಕೇಳಿದರೆ ತಪ್ಪಿಲ್ಲ. ಆಪ್‌ನವರಿಗೆ ಸಲ್ಲುವ ದಳ್ಳಾಳಿ ಉಳಿಯುವುದರಿಂದ ಕೆಲವರು ಸಂತೋಷವಾಗಿ ಒಪ್ಪುವರು.

ಎರಡನೆಯ ವಿಚಾರವು ದೂರದ್ದು. ಹೊಸಪೇಟೆಯಿಂದ ಹಂಪೆಗೆ ಸುಮಾರು 12 ಕಿಲೋಮೀಟರು. ಬಸ್ಸಿನಲ್ಲಿ ಓಡಾಡಬಲ್ಲ ದಂಪತಿಗಳಿಗೆ ಹೊಸಪೇಟೆಯ ಬಿಡಾರವೇ ಅನುಕೂಲ. ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ದಿನವೂ ಆಟೋ ಹಿಡಿಯುವವರಾದರೋ ಸಮೀಪದ ಕಮಲಾಪುರದ ವಸತಿಯನ್ನೂ ಲೆಕ್ಕ ಹಾಕಿ ನೋಡಬೇಕು. ಅಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಹೋಟೆಲಿದೆ. ಹಿಂದೆ ಹೋಗಿಬಂದವರ ಮಾತನ್ನು ಮಾತ್ರ ನಂಬಿ ಹೊರಡಬಾರದು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಅಗ್ಗದ ಬಿಡಾರಗಳಿದ್ದುದನ್ನು ಹಲವರು ಈಗಲೂ ಹೇಳುವರು. ಅನುಮತಿಯಿಲ್ಲದೆ ಕಟ್ಟಿದ ಆ ಕಟ್ಟಡಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ 2020ರಲ್ಲಿಯೇ ಕೆಡವಲಾಯಿತು.

ಮೂರನೆಯದು ತೆರಿಗೆ. 2025ನೆಯ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೊಠಡಿಗೆ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಈಗಲೂ ಯಾರಾದರೂ ಹಳೆಯ ದರವನ್ನು ಹಾಕಿದರೆ ವಿನಯದಿಂದಲೇ ಪ್ರಶ್ನಿಸಿರಿ. ಬಿಲ್ಲಿನಲ್ಲಿ ತೆರಿಗೆಯ ನೋಂದಣಿ ಸಂಖ್ಯೆಯಿಲ್ಲದವರು ಈ ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ಊಟದ ಬಿಲ್ಲಿಗೆ ಸೇವಾಶುಲ್ಕವೆಂದು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ನೆಯ ಜುಲೈ ತಿಂಗಳಲ್ಲಿ ವಿಧಿಸಿತು. 2025ನೆಯ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅದನ್ನು ತೆಗೆಯಿರೆಂದು ಕೇಳುವುದು ಜಿಪುಣತನವಲ್ಲ.

ಕ್ಷೇತ್ರಗಳಿಗೆ ಹೋಗುವವರಿಗೆ ಛತ್ರಗಳೂ ದೇವಸ್ಥಾನದ ವಸತಿಗಳೂ ಇವೆ. ಧರ್ಮಸ್ಥಳ, ಶೃಂಗೇರಿ ಮೊದಲಾದೆಡೆ ಕ್ಷೇತ್ರದವರೇ ಯಾತ್ರಿಕರಿಗೆ ಕೊಠಡಿಗಳನ್ನು ಕೊಡುವರು. ಬೆಂಗಳೂರಿನ ರೈಲು ನಿಲ್ದಾಣದೆದುರಿನ ಗುಬ್ಬಿ ತೋಟದಪ್ಪನವರ ಛತ್ರದ ಹೆಸರನ್ನು ಕೇಳದವರು ವಿರಳ. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಪ್ರಸಿದ್ಧ ಕ್ಷೇತ್ರಗಳ ಹೆಸರಿನಲ್ಲಿ ಸುಳ್ಳು ಜಾಲತಾಣಗಳನ್ನು ತೆರೆದು ಮುಂಗಡ ಹಣವನ್ನು ನುಂಗುವ ವಂಚಕರಿದ್ದಾರೆ. ದೇವಸ್ಥಾನದ ಕಚೇರಿಯಿಂದಲೇ ವಿಳಾಸವನ್ನು ಖಚಿತಪಡಿಸಿಕೊಳ್ಳದೆ ಒಂದು ಕಾಸನ್ನೂ ಕಳುಹಿಸಬೇಡಿರಿ.

ಕೆಲವು ಗಂಟೆಗಳ ವಿಶ್ರಾಂತಿ ಮಾತ್ರ ಸಾಕಾದವರಿಗೆ ಅನೇಕ ರೈಲು ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮುಗಳುಂಟು. ಸ್ಥಳ ಖಚಿತವಾದ ಟಿಕೀಟಿದ್ದರೆ ಅದರ ಪಿ.ಎನ್.ಆರ್. ಸಂಖ್ಯೆಯ ಮೇಲೆ ಅವನ್ನು ಮುಂಚಿತವಾಗಿ ಕಾದಿರಿಸಬಹುದು. ಮಧ್ಯಾಹ್ನ ಇಳಿದು ರಾತ್ರಿ ಇನ್ನೊಂದು ಗಾಡಿ ಹತ್ತುವ ಸಂಸಾರಕ್ಕೆ ಹೋಟೆಲಿನ ಪೂರ್ತಿ ದಿನದ ಬಾಡಿಗೆಯು ಇದರಿಂದ ಉಳಿಯುವುದು. ಮೈಸೂರಿನ ದಸರೆ, ಹಂಪಿ ಉತ್ಸವ, ಸಾಲು ರಜೆಗಳ ದಿನಗಳಲ್ಲಿ ದರಗಳು ಏರುವುದು ಸಹಜ. ಉತ್ಸವವನ್ನೇ ನೋಡಬೇಕೆಂಬ ಹಂಬಲವಿಲ್ಲದವರು ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಲಿ.

ಕೊನೆಯದಾಗಿ ಒಂದು ಮಾತು. ಮಿತವ್ಯಯಕ್ಕೂ ಒಂದು ಗೆರೆಯುಂಟು. ಕೊಠಡಿಯ ಬಾಗಿಲಿಗೆ ಒಳಗಿನಿಂದ ಗಟ್ಟಿಯಾದ ಅಗುಳಿಯಿರಬೇಕು, ಶೌಚದ ಮನೆ ಶುಚಿಯಾಗಿರಬೇಕು, ನೀರು ಬರಬೇಕು, ರಾತ್ರಿ ಕರೆದರೆ ಓಗೊಡುವವರಿರಬೇಕು. ಹಣ ಕೊಡುವ ಮುನ್ನ ಮನೆಯ ಹೆಂಗಸರೇ ಕೊಠಡಿಯನ್ನು ಕಂಡು ಒಪ್ಪಲಿ. ಇನ್ನೂರು ರೂಪಾಯಿ ಉಳಿಸಲು ಹೋಗಿ ಮುದುಕರು ನಿದ್ರೆಗೆಟ್ಟರೆ, ಮಗುವಿಗೆ ಹೊಟ್ಟೆ ಕೆಟ್ಟರೆ, ಆ ಉಳಿತಾಯವು ವೈದ್ಯರ ಪಾಲಾಗುವುದು. ಕೇಳಿದ್ದರೆ ಉಳಿಯುತ್ತಿದ್ದ ಹಣ ಬೇರೆ, ಕಷ್ಟಪಟ್ಟು ಉಳಿಸಿದ ಹಣ ಬೇರೆ. ಮೊದಲನೆಯದನ್ನು ಬಿಡದೆ ಉಳಿಸುವ ಗೃಹಸ್ಥನಿಗೆ ಎರಡನೆಯದಕ್ಕೆ ಕೈ ಹಾಕುವ ಪ್ರಸಂಗವು ಅಪರೂಪವಾಗಿಯೇ ಬರುವುದೆಂದು ನಮ್ಮ ನಂಬಿಕೆ.