ಮೌನಕ್ಕೆ ಮೊದಲು ಒಂದು ಹೆಸರು

"ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಎನ್ನುತ್ತಾರೆ ನಿರೂಪಕರು. ಕುರ್ಚಿಗಳು ಸರಿಯುತ್ತವೆ, ತಲೆಗಳು ಬಾಗುತ್ತವೆ. ಅರ್ಧ ನಿಮಿಷ ಆಗಿರುವುದಿಲ್ಲ, "ಧನ್ಯವಾದಗಳು, ಕುಳಿತುಕೊಳ್ಳಿ" ಎಂದು ಮೈಕು ಹೇಳಿಬಿಡುತ್ತದೆ. ನಮ್ಮ ದಾವಣಗೆರೆಯ ನಿಟ್ಟುವಳ್ಳಿಯ ಶಾಲೆಯಂಗಳದಲ್ಲೂ ಊರೊಳಗಿನ ದೊಡ್ಡ ಸಭಾಂಗಣಗಳಲ್ಲೂ ಇದನ್ನು ನೋಡುತ್ತಲೇ ಬಂದಿದ್ದೇನೆ. ಸಮಯ ಕಡಿಮೆಯಾಯಿತೆಂಬ ಬೇಸರ ಇದ್ದೇ ಇದೆ. ಅದಕ್ಕಿಂತ ಕಾಡುವುದು ಇನ್ನೊಂದು: ಯಾರಿಗಾಗಿ ನಿಂತೆವೆಂದು ಯಾರೂ ಹೇಳಲಿಲ್ಲ. "ನಮ್ಮ ವೀರಯೋಧರು" ಎಂದರು, ಅಷ್ಟೆ. ಏನವರ ಹೆಸರು? ಯಾವ ಊರಿನ ಮಗ?

ಈ ಪದ್ಧತಿ ಶುರುವಾದದ್ದು ಮಗನನ್ನು ಕಳೆದುಕೊಂಡ ತಂದೆಯಿಂದ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಮೇಯರ್ ಹ್ಯಾರಿ ಹ್ಯಾಂಡ್ಸ್ ಅವರ ಮಗ ರಣರಂಗದ ವಿಷಾನಿಲಕ್ಕೆ ಬಲಿಯಾದ. ಮರುತಿಂಗಳು, ಮೇ 14ರಂದು, ಮಧ್ಯಾಹ್ನದ ತೋಪು ಹಾರುತ್ತಲೇ ಇಡೀ ಊರು ನಿಂತಲ್ಲೇ ನಿಂತಿತು. ಮೊದಲ ದಿನ ಮೂರು ನಿಮಿಷ, ಆಮೇಲೆ ಎರಡು. ಅದನ್ನು ಲಂಡನ್ನಿಗೆ ಮುಟ್ಟಿಸಿದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಕೂಡ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಗನನ್ನು ಕಳೆದುಕೊಂಡವರೇ. 1919ರ ನವೆಂಬರ್ 11ರಂದು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಎರಡು ನಿಮಿಷದ ಮೌನ ಆಚರಣೆಗೆ ಬಂತು. ಅಂದು ತಲೆ ಬಾಗಿಸಿದ ಆ ತಂದೆಯರ ಮನಸ್ಸಿನಲ್ಲಿ "ಯೋಧರು" ಎಂಬ ಬಹುವಚನ ಇದ್ದಿರಲಾರದು. ಒಂದು ಮುಖ ಇತ್ತು.

ನಮ್ಮಲ್ಲಿ ಜನವರಿ 30ರ ಬೆಳಿಗ್ಗೆ 11ಕ್ಕೆ, ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರ ನೆನಪಿಗೆ, ದೇಶವೆಲ್ಲ ಎರಡು ನಿಮಿಷ ಕೆಲಸ, ಓಡಾಟ ನಿಲ್ಲಿಸಬೇಕೆಂದು ಸರ್ಕಾರ ಹೇಳುತ್ತದೆ. ಸೈರನ್ ಇರುವಲ್ಲಿ ಸೈರನ್ ಕೂಗಿಸಬೇಕು. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಗೂ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಹರಿಹರಕ್ಕೂ ಸೈರನ್ ಹೊಸದಲ್ಲ. ಆದರೆ ಆ ಹೊತ್ತಿಗೆ ಹದಡಿ ರಸ್ತೆಯಲ್ಲಿ ಒಂದು ಆಟೋ ನಿಂತದ್ದನ್ನು ನಾನು ಕಂಡಿಲ್ಲ. ಆಟೋದವರನ್ನು ದೂರುವುದು ಸರಿಯಲ್ಲ. ಯಾರಿಗಾಗಿ ನಿಲ್ಲಬೇಕೆಂದು ಅವರಿಗೆ ತಿಳಿಸಿದವರು ಯಾರು?

ತಿಳಿದಾಗ ಜನ ನಿಲ್ಲುತ್ತಾರೆ. 2016ರ ಫೆಬ್ರುವರಿ ನೆನಪಿಸಿಕೊಳ್ಳಿ. ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ 3ರಂದು ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಅಡಿಯಲ್ಲಿ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 25 ಅಡಿಗೂ ಆಳದ ಹಿಮದಡಿ ಆರು ದಿನ ಕಳೆದ ಮೇಲೂ ಉಸಿರಾಡುತ್ತಿದ್ದರು. ದೆಹಲಿಯ ಸೇನಾ ಆಸ್ಪತ್ರೆಗೆ ತಂದ ಸುದ್ದಿ ಬಂದದ್ದೇ ತಡ, ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ಅವರ ಮುಖ ನೋಡದವರೂ ಮನೆಯ ಮಗನೊಬ್ಬ ಆಸ್ಪತ್ರೆಯಲ್ಲಿರುವಂತೆ ಟಿ.ವಿ. ಮುಂದೆ ಕಾದು ಕುಳಿತರು. 11ರಂದು ಅವರು ತೀರಿಕೊಂಡಾಗ ಯಾರೂ ಹೇಳದೆಯೇ ಮೌನ ಆವರಿಸಿತು. 33 ವರ್ಷದ ಒಬ್ಬನ ಹೆಸರು, ಊರು, ಸಂಸಾರ ನಮಗೆ ಗೊತ್ತಾಗಿತ್ತು, ಅದಕ್ಕೇ.

ಅದೇ ಹಿಮದಡಿ ಕರ್ನಾಟಕದ ಇನ್ನಿಬ್ಬರು ಇದ್ದರು. ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ್. ಅವರ ಹೆಸರು ಎಷ್ಟು ಮಂದಿಗೆ ನೆನಪಿದೆ? 1984ರಿಂದ ನಮ್ಮ ಸೇನೆ ಕಾಯುತ್ತಿರುವ ಆ ನೀರ್ಗಲ್ಲ ಬಯಲಲ್ಲಿ ಗುಂಡಿಗಿಂತ ಚಳಿ, ಹಿಮಕುಸಿತಗಳೇ ಹೆಚ್ಚು ಜೀವ ತೆಗೆದಿವೆ. ಯುದ್ಧವಿಲ್ಲದ ದಿನ ಸತ್ತವರಿಗೆ ವಿಜಯೋತ್ಸವದ ತಾರೀಖಿಲ್ಲ. ಹಾಗಾಗಿ ಅವರು ಬೇಗ ಮರೆಯಾಗುತ್ತಾರೆ.

ಹೆಸರು ಹಿಡಿದು ನೆನೆಯುವುದನ್ನು ನಾವು ಕೇಪ್‌ಟೌನಿನಿಂದ ಕಲಿಯಬೇಕಾದ್ದಿಲ್ಲ. ನಮ್ಮ ತಾಲ್ಲೂಕಿನ ಆನಗೋಡು, ಆನಜಿ ಕಡೆ ಹೋಗಿ ಬರುವವರು ಒಂದು ವಿಷಯ ತಿಳಿದಿರಬೇಕು. ಆನಜಿಯಲ್ಲಿ ಕದಂಬರ ಕಾಲದ ಒಂದು ಸಂಸ್ಕೃತ ಶಾಸನವಿದೆ. ಪಲ್ಲವರೊಡನೆ ನಡೆದ ಕಾಳಗದಲ್ಲಿ ಕೃಷ್ಣವರ್ಮನ ಸೇನೆ ಸೋತುಹೋದಾಗ ಶಿವನಂದವರ್ಮನೆಂಬವನು ದರ್ಭೆಯ ಹಾಸಿಗೆ ಹಿಡಿದು ವೀರರ ಹಾದಿಯಲ್ಲಿ ನಡೆದನೆಂದು ಅದು ಹೇಳುತ್ತದೆ. ಗೆದ್ದ ರಾಜನ ಹೊಗಳಿಕೆಗೆ ನಿಲ್ಲಿಸಿದ ಕಲ್ಲಲ್ಲ ಅದು. ಸೋತ ಯುದ್ಧದ ಬೆನ್ನಿಗೆ ಅಳಿದವನ ಹೆಸರು, ಕುಲ ಅದರಲ್ಲಿದೆ. ಸಾವಿರದ ಐನೂರು ವರ್ಷದ ಹತ್ತಿರ ಹತ್ತಿರ ಆಯಿತು, ಆ ಹೆಸರು ಓದಬಹುದು.

ಆಮೇಲಿನ ಕನ್ನಡದ ವೀರಗಲ್ಲುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ತುರು ಬಿಡಿಸಲು ಹೋಗಿ ಸತ್ತವನ, ಊರಳಿವಿನಲ್ಲಿ ಕಾದಿ ಬಿದ್ದವನ ಕಲ್ಲು ನಿಲ್ಲಿಸುವುದರ ಜೊತೆಗೆ ಅವನ ಮನೆಯವರಿಗೆ ಹೊಲ, ಗದ್ದೆ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು. ಕೈಮುಗಿದು ಮನೆಗೆ ಹೋಗಿ ಮಲಗುವ ಲೆಕ್ಕ ಅಲ್ಲಿರಲಿಲ್ಲ. ಸತ್ತವನ ಹೆಂಡತಿ, ಮಕ್ಕಳ ಅನ್ನದ ಹೊಣೆ ಊರಿನದು. ಇಂದು ಆ ಹೊಣೆ ಸರ್ಕಾರದ ಕಡತಗಳಲ್ಲಿದೆ, ಪಿಂಚಣಿಯಲ್ಲಿದೆ. ನಮ್ಮ ಪಾಲಿಗೆ ಉಳಿದದ್ದು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯ ಪುಟ್ಟ ಬಾವುಟ, ಅದರ ನಿಧಿಯ ಡಬ್ಬಿ. 1949ರಿಂದ ಅದು ನಮ್ಮ ಮುಂದೆ ಬರುತ್ತಿದೆ. ಡಬ್ಬಿ ಬಂದಾಗ ಜೇಬು ತಡಕಾಡುವ ನಾವು ಆ ಹೊಲಗದ್ದೆ ಕೊಟ್ಟವರ ಮೊಮ್ಮಕ್ಕಳು.

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಸಂಘಗಳ ಅಧ್ಯಕ್ಷರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಜುಲೈ 26ರ ಕಾರ್ಗಿಲ್ ದಿನ ಒಂದು ಭಾಷಣ ಕಡಿಮೆ ಮಾಡಿ, ಗಡಿಯಾರ ನೋಡಿ ಎರಡು ನಿಮಿಷ ಪೂರ್ತಿ ಕೊಡಿ. ಅದಕ್ಕೆ ಮೊದಲು ಮಗುವೊಂದು ಹೆಸರು, ಊರು, ವಯಸ್ಸು ಓದಲಿ. ಪಟ್ಟಿ ಎಲ್ಲಿಂದ ತರುವುದು ಎನ್ನಬೇಡಿ. ನಮ್ಮ ಬ್ಯಾಂಕುಗಳ ಬಾಗಿಲಲ್ಲಿ ಕೋವಿ ಹಿಡಿದು ನಿಂತವರಲ್ಲಿ ಅನೇಕರು ನಿವೃತ್ತ ಸೈನಿಕರು. ಚೀಟಿ ತುಂಬುವ ಅವಸರದಲ್ಲಿ ನಾವು ಅವರ ಮುಖ ನೋಡುವುದಿಲ್ಲ. ತಮ್ಮ ಪಕ್ಕದ ಬಂಕರಿನಲ್ಲಿದ್ದು ವಾಪಸು ಬಾರದವರ ಹೆಸರು ಅವರಿಗೆ ಗೊತ್ತಿರುತ್ತದೆ. ಈ ಸಲ ಅತಿಥಿಯಾಗಿ ಅವರನ್ನು ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ, "ಹೇಳ್ರೀ ಅಣ್ಣಾ, ಯಾರ್‍ಯಾರಿದ್ರು ನಿಮ್ ಜೊತೆ" ಎಂದು ಕೇಳಿ.